ಡಿಕ್ಕಿಯಲ್ಲಿ ಕೇಳಿಸಿದ್ದು

ತಾರೀಕು ಹನ್ನೊಂದು, ಬುಧವಾರ
ಶೆಡ್ಡಿನಲ್ಲಿ, ಮಧ್ಯಾಹ್ನದ ಊಟವಾದ ಮೇಲೆ

ನನ್ನ ಬಲಗಿವಿಗೆ,

ಇಲ್ಲಿ ಎಡಗಿವಿ ಇದ್ದಲ್ಲೇ ಇದೆ. ಅಲ್ಲಿ ನೀನು ಚೆನ್ನಾಗಿದ್ದೀಯೆಂದು ನಿನ್ನ ಅಕ್ಕನಿಂದ ತಿಳಿಯಿತು. ಅವರು ಅದನ್ನು ಹೇಳಿದ ರೀತಿ ನೋಡಿದರೆ, ನಾನಿಲ್ಲದೆ ಇನ್ನೂ ಚೆನ್ನಾಗಿದ್ದೀಯೆಂದು ಅನ್ನಿಸಿತು.

ಕಾಗದ ನೋಡಿ ನಗಬೇಡ. ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಇದುವರೆಗೆ ಬರೆದದ್ದೆಲ್ಲ ಬಾಗಿಲಿಗೆ ಸಿಕ್ಕಿಸಿದ ಚೀಟಿಗಳು: ಗ್ಯಾಸ್ ಮುಗಿದಿದೆ, ಕೀ ಪಕ್ಕದ ಮನೆಯಲ್ಲಿದೆ, ಇಂಥವು. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಎರಡು ಸಲ ಮಾಡಿದೆನಲ್ಲ ಮಾರಾಯ್ತಿ! ನೀನು ಎತ್ತಿದೆ, ಮಾತಾಡಲಿಲ್ಲ. ನನ್ನ ಕಿವಿಯ ಯೋಗ್ಯತೆ ನಿನಗೆ ಗೊತ್ತೇ ಇದೆ. ನೀನು ಸುಮ್ಮನಿದ್ದೀಯೋ, ಲೈನು ಕಟ್ಟಾಗಿದೆಯೋ, ಅಥವಾ ನೀನು ಏನೋ ಹೇಳುತ್ತಿದ್ದು ನನಗೇ ಕೇಳಿಸುತ್ತಿಲ್ಲವೋ, ಒಂದೂ ತಿಳಿಯದೆ ಹಲೋ ಹಲೋ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಇಟ್ಟುಬಿಟ್ಟೆ. ಕಾಗದದಲ್ಲಿ ಆ ತಾಪತ್ರಯ ಇಲ್ಲ.

ಮೊದಲು ಕೆಲಸದ ವಿಷಯ. ಹಲ್ಲಿನ ಡಾಕ್ಟರಮ್ಮನ ಬಿಳಿ ಎಲೆಕ್ಟ್ರಿಕ್ ಕಾರು ಮತ್ತೆ ಬಂದಿದೆ. ಅದೇ, ನಾವಿಬ್ಬರೂ ಸೇರಿ ಕೊನೆಯದಾಗಿ ನೋಡಿದ ಕಾರು. ಬೆಳಗಿನಿಂದ ಸಂಜೆಯವರೆಗೆ ಊರಿನವರ ಬಾಯಲ್ಲಿ ಗುಂಯ್ ಅನ್ನಿಸಿ ಸಾಕಾಗಿದೆ, ಮನೆಗೆ ಹೋಗೋವಾಗ ಹತ್ತು ನಿಮಿಷ ನಿಶ್ಶಬ್ದ ಬೇಕು ಅಂತಲೇ ಈ ಕಾರು ತಗೊಂಡೆ ಅಂತ ಅವರು ಅವತ್ತು ಹೇಳಿದ್ದು ನೆನಪಿದೆಯಾ? ಅವತ್ತಿನ ಸದ್ದು ನೀನು ಹಿಡಿದದ್ದು ಸರಿಯಾಗಿಯೇ ಇತ್ತು. ಹಿಂದಿನ ಎಡ ಸೀಟಿನ ಬೆಲ್ಟಿನ ಬಕಲ್ಲು ಪಕ್ಕದ ಪ್ಲಾಸ್ಟಿಕ್ಕಿಗೆ ತಾಗುತ್ತಿತ್ತು. ಅಲ್ಲಿ ನಾನು ಅಂಟಿಸಿದ ಮೆತ್ತನೆಯ ಫೆಲ್ಟು ಬಟ್ಟೆಯ ಪಟ್ಟಿ ಇನ್ನೂ ಹಾಗೇ ಇದೆ. ಇದು ಬೇರೆ ಸದ್ದು. ಕಾರು ಎಡಕ್ಕೆ ತಿರುಗಿದಾಗ ಮಾತ್ರ, ಹಿಂದೆ ಬಲಗಡೆಯಿಂದ, ಸಣ್ಣಗೆ ಟಿಣ್ ಅನ್ನುತ್ತದಂತೆ. ಅನ್ನುತ್ತದಂತೆ ಎಂದು ಯಾಕೆ ಬರೆಯುತ್ತಿದ್ದೇನೆಂದು ನಿನಗೆ ಗೊತ್ತು.

ಮೂರು ದಿನ ಒಬ್ಬನೇ ಒದ್ದಾಡಿದೆ. ಫೋನನ್ನು ರೆಕಾರ್ಡಿಗೆ ಹಾಕಿ ಕಾರಿನ ಹಿಂದಿನ ಡಿಕ್ಕಿಯಲ್ಲಿಟ್ಟು ಓಡಿಸಿದೆ. ಆಮೇಲೆ ಹಾಕಿ ಕೇಳಿದರೆ ಟಯರಿನ ಸದ್ದು, ಮಧ್ಯೆ ನಾನೇ ಎರಡು ಸಲ ಕೆಮ್ಮಿದ್ದು. ಫೋನು ಸರಿಯಿಲ್ಲ ಎಂದು ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆಮೇಲೆ ಎಡಗಿವಿಯನ್ನು ಹಿಂದಕ್ಕೆ ತಿರುಗಿಸಿಕೊಂಡು, ಕತ್ತು ಸೊಟ್ಟ ಮಾಡಿ ಡಿಪೋ ಹಿಂದಿನ ರಸ್ತೆಯಲ್ಲಿ ಸುತ್ತಿದೆ. ಎದುರಿಗೆ ಬಂದ ಬಸ್ಸಿನ ಡ್ರೈವರು, ಹೆಣ್ಣು ನೋಡೋಕೆ ಹೊರಟಿದ್ದೀಯೋ, ರಸ್ತೆ ನೋಡೋ ಅಂತ ಬೈದು ಹೋದ. ಎಡಗಿವಿ ಹಿಂದಕ್ಕೆ ತಿರುಗಿತ್ತಲ್ಲ, ದಾಟಿಹೋಗುತ್ತ ಬೈದದ್ದು ಪೂರ್ತಿ ಕೇಳಿಸಿತು.

ಇನ್ನು ಮುಂದೆ ನಿನಗೆ ಗೊತ್ತಿರುವುದನ್ನೇ ಸ್ವಲ್ಪ ಬರೆಯುತ್ತೇನೆ, ಸಹಿಸಿಕೋ. ಅಲ್ಲಿಂದ ಶುರು ಮಾಡದಿದ್ದರೆ ಹೇಳಬೇಕಾದ ಕಡೆಗೆ ಹೋಗಿ ಮುಟ್ಟುವ ಧೈರ್ಯ ನನಗೆ ಬರುವುದಿಲ್ಲ.

ಗಾಡಿಗಳ ಡೆಂಟು ಬಡಿದು ಬಡಿದು ನನ್ನ ಬಲಗಿವಿ ಮೂವತ್ತಕ್ಕೇ ಮಂದವಾಗಿತ್ತು. ಒಂದು ಹಳೇ ಕಾರು ಸದ್ದು ಹೋಗಿಲ್ಲವೆಂದು ಮೂರನೇ ಸಲ ವಾಪಸು ಬಂದಿತ್ತು. ನಾನು ತಲೆಯ ಮೇಲೆ ಕೈಹೊತ್ತು ಕೂತಿದ್ದೆ. ನೀನು ಊಟದ ಡಬ್ಬಿ ತಂದವಳು, ಹಿಂದಿನ ಸೀಟಿನಲ್ಲಿ ಕೂತು ನನ್ನ ಜೊತೆ ಒಂದು ಸುತ್ತು ಬಂದೆ. ಇಳಿದವಳೇ, ಸ್ಟೆಪ್ನಿಯ ನಟ್ಟು ಸಡಿಲ ಆಗಿದೆ ನೋಡ್ರೀ ಅಂದೆ. ನಾನು ನಕ್ಕೆ. ಆಮೇಲೆ ಸ್ಪ್ಯಾನರ್ ಹಾಕಿ ನೋಡಿ ನಗು ನಿಲ್ಲಿಸಿದೆ. ಅಲ್ಲಿಂದ ನಮ್ಮ ಪದ್ಧತಿ ಶುರುವಾಯಿತು. ನಾನು ಓಡಿಸುವುದು, ನೀನು ಡಿಕ್ಕಿಯಲ್ಲಿ ದಿಂಬು ಹಾಕಿಕೊಂಡು ಮಲಗಿ ಕೇಳುವುದು. ಕೈಯಲ್ಲಿ ಮರದ ಸ್ಕೇಲು. ಒಂದು ಬಡಿತ ಎಡಕ್ಕೆ, ಎರಡು ಬಲಕ್ಕೆ, ಮೂರು ಅಂದರೆ ಅದೇ ಹಂಪಿನ ಮೇಲೆ ಇನ್ನೊಂದು ಸಲ, ನಾಲ್ಕು ಅಂದರೆ ಸಿಕ್ಕಿತು, ನಿಲ್ಲಿಸು. ಇಂಜಿನ್ನಿನ ಗಲಾಟೆಯಲ್ಲಿ ನಿನ್ನ ಮಾತು ನನಗೆ ಕೇಳುತ್ತಿರಲಿಲ್ಲ, ನನ್ನ ಮಾತು ನಿನಗೆ ಕೇಳುತ್ತಿರಲಿಲ್ಲ. ಸ್ಕೇಲಿನ ಏಟು ಮಾತ್ರ ಕೇಳುತ್ತಿತ್ತು. ನೀನು ಇಳಿದು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದೆ. ಸಣ್ಣ ಕ್ಲಿಪ್ಪಾದರೆ ತಲೆಯಿಂದ ಪಿನ್ನು ಕಿತ್ತು, ಅದರಲ್ಲೇ ಎಬ್ಬಿಸಿ ತೋರಿಸುತ್ತಿದ್ದೆ. ಆಮೇಲೆ ಬಡಿಯುವುದು, ಬಿಗಿಯುವುದು, ಫೆಲ್ಟು ಅಂಟಿಸುವುದು ನನ್ನ ಪಾಲು. ನೀನು ನನ್ನ ಬಲಗಿವಿ ಆದದ್ದು ಹಾಗೆ. ಸಿಟ್ಟು ಬಂದರೆ ಮಹಾರಾಯ, ಮನಸ್ಸು ಚೆನ್ನಾಗಿದ್ದರೆ ಎಡಗಿವಿ ಎಂದು ನೀನು ನನ್ನನ್ನು ಕರೆಯುತ್ತಿದ್ದೆ.

ಎಲೆಕ್ಟ್ರಿಕ್ ಕಾರುಗಳು ಬಂದಾಗ ನಾನು ನಮ್ಮ ಅನ್ನಕ್ಕೆ ಕಲ್ಲು ಬಿತ್ತು ಅಂದುಕೊಂಡೆ. ಸದ್ದೇ ಮಾಡದ ಗಾಡಿಯಲ್ಲಿ ಸದ್ದು ಹುಡುಕಲು ಯಾರು ಕರೆಯುತ್ತಾರೆ? ನೀನು ಆಗಲೇ ಹೇಳಿದ್ದೆ: ಗದ್ದಲದ ಗಂಡ ಹೊರಗೆ ಹೋದ ಮೇಲೇ ಅಲ್ವೇನ್ರೀ ಮನೆ ನಲ್ಲಿ ತೊಟ್ಟಿಕ್ಕೋದು ಕೇಳಿಸೋದು, ನೋಡ್ತಾ ಇರಿ, ಸಾಲುಗಟ್ಟಿ ಬರ್ತಾರೆ ಅಂತ. ಬಂದರು. ನೀರಿನ ಬಾಟಲಿ, ಚಾರ್ಜಿಂಗ್ ವಯರಿನ ಚೀಲ, ಕನ್ನಡಕದ ಡಬ್ಬಿ, ಸೀಟಿನ ಕೆಳಗೆ ಉರುಳಿದ ಒಂದು ಗುಂಡಿ, ಎಲ್ಲಕ್ಕೂ ಬಾಯಿ ಬಂತು. ಶೋರೂಮಿನವರು ನಮ್ಮನ್ನು ಕಾಯಂ ಕರೆಸಿಕೊಂಡರು. ನನ್ನ ಹೆಸರಿನಲ್ಲಿ ಕೆಲಸದ ಗುರುತಿನ ಕಾರ್ಡು ಮಾಡಿಸಿದರು. ನನ್ನೊಬ್ಬನ ಹೆಸರಿನಲ್ಲಿ.

ನೀನು ಅಕ್ಕನ ಮನೆಗೆ ಹೋಗಿ ಐದು ತಿಂಗಳಾಯಿತು. ಅವತ್ತು ಬಿಳಿ ಕಾರಿನಲ್ಲಿ ನೀನು ನಾಲ್ಕು ಸಲ ಬಡಿದೆ, ನಾನು ನಿಲ್ಲಿಸಿದೆ. ಡಿಕ್ಕಿ ತೆರೆದಾಗ ನಿನ್ನ ಕೂದಲು ಒಂದು ಕಡೆ ಬಿಚ್ಚಿಹೋಗಿತ್ತು. ನೀನು ಹಿಂದಿನ ಬಾಗಿಲು ತೆರೆದು ಬಕಲ್ಲಿನ ಹತ್ತಿರ ಗುರುತು ಹಾಕಿದೆ, ಕೈ ಕೊಡವಿಕೊಂಡೆ, ಕೆಲಸ ಮುಗೀತು ಅಂದೆ, ನಡೆದುಕೊಂಡು ಹೊರಟುಹೋದೆ. ನೀನು ಮೂಲೆಯ ಅಂಗಡಿಗೆ ಏನೋ ತರಲು ಹೋದೆ ಎಂದುಕೊಂಡು ನಾನು ಶೋರೂಮಿನ ಮ್ಯಾನೇಜರ್ ಜೊತೆ ಟೀ ಕುಡಿಯುತ್ತ ಹರಟೆ ಹೊಡೆಯುತ್ತಿದ್ದೆ. ಸಂಜೆ ಮನೆಗೆ ಬಂದರೆ ಕಪಾಟಿನಲ್ಲಿ ನಿನ್ನ ಬಟ್ಟೆ ಇರಲಿಲ್ಲ. ಬಾಗಿಲಿಗೆ ಚೀಟಿಯೂ ಇರಲಿಲ್ಲ.

ಕೇಳಿದವರಿಗೆಲ್ಲ ಅಕ್ಕನಿಗೆ ಮಂಡಿನೋವು, ನೋಡಿಕೊಳ್ಳಲು ಹೋಗಿದ್ದಾಳೆ ಅಂದೆ. ಅದೇ ವಾರ ನಿನ್ನ ಅಕ್ಕ ಎರಡು ಕೈಯಲ್ಲೂ ಚೀಲ ಹಿಡಿದು ಮಾರುಕಟ್ಟೆಯ ಮೆಟ್ಟಿಲನ್ನು ದಡದಡ ಹತ್ತುತ್ತಿದ್ದುದನ್ನು ಅರ್ಧ ಬೀದಿ ನೋಡಿತು. ನನ್ನ ಮಟ್ಟಿಗೆ ನಾನು ಕಾರಣ ಹುಡುಕುತ್ತ ಕೂತೆ. ಅಡುಗೆಗೆ ಉಪ್ಪು ಜಾಸ್ತಿ ಅಂದೆನಲ್ಲ, ಅದಕ್ಕಿರಬಹುದೇ? ಬಚ್ಚಲುಮನೆ ಬಾಗಿಲಿನ ಚಿಲಕ ಆರು ತಿಂಗಳಿಂದ ಹಾಕಿಕೊಡಲಿಲ್ಲ, ಅದಕ್ಕೇ? ಚಿಲಕ ಹಾಕಿಸಿದ್ದೇನೆ, ಗೊತ್ತಿರಲಿ. ಈಗ ಒಳಗಿನಿಂದ ಹಾಕಿಕೊಳ್ಳಬೇಕಾದ ಅಗತ್ಯವೇ ಇಲ್ಲದವನು ಒಬ್ಬನೇ ಇದ್ದೇನೆ.

ಫ್ರಿಜ್ಜಿನ ಕೆಳಗೆ ನೀನು ಮಡಿಚಿ ಇಟ್ಟಿದ್ದ ರಟ್ಟು ಜಾರಿ ಹೋಗಿ ಅದು ಮತ್ತೆ ಗುರ್ ಅನ್ನುತ್ತಿದೆ. ನಾನು ರಟ್ಟು ಇಡಲಿಲ್ಲ. ಮನೆಯಲ್ಲಿ ಏನಾದರೂ ಒಂದು ಗುರ್ ಅನ್ನುತ್ತಿರಲಿ ಎಂದು ಬಿಟ್ಟಿದ್ದೇನೆ. ಗಾಡಿ ಓಡಿಸುವಾಗ ಇನ್ನೂ ಕಷ್ಟ. ಹಂಪು ಹಾರಿಸಿದ ಮೇಲೆ ಈಗಲೂ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಒಂದೋ, ಎರಡೋ ಎಂದು ಕಾಯುತ್ತೇನೆ. ಹಿಂದಿನಿಂದ ಏನೂ ಬರುವುದಿಲ್ಲ. ನಿನ್ನ ನೆನಪು ಬಹಳ ಆಗುತ್ತದೆ ಕಣೇ. ಬೇರೆ ಯಾವ ರೀತಿ ಬರೆಯಬೇಕೋ ನನಗೆ ತಿಳಿಯದು.

ಈಗ ಹೇಳಬೇಕಾದದ್ದು.

ಹೋದ ಶನಿವಾರ ಮ್ಯಾನೇಜರನ್ನು ಕೇಳಿದೆ: ನೀವು ಸ್ವಲ್ಪ ಓಡಿಸಿ ಸಾರ್, ನಾನು ಹಿಂದೆ ಮಲಗಿ ಕೇಳ್ತೀನಿ ಅಂತ. ನಿನ್ನ ದಿಂಬು, ನಿನ್ನ ಸ್ಕೇಲು ತಗೊಂಡು ಬಿಳಿ ಕಾರಿನ ಡಿಕ್ಕಿಯಲ್ಲಿ ಮಲಗಿದೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ನಾನು ಅಲ್ಲಿ ಮಲಗಿರಲಿಲ್ಲ. ಮಂಡಿ ಮಡಿಚಿ ಗದ್ದಕ್ಕೆ ತಂದುಕೊಂಡರೂ ಜಾಗ ಸಾಲದು. ಮುಚ್ಚಿದ ಮೇಲೆ ಹೊಸ ರಬ್ಬರಿನ ವಾಸನೆ, ಸೆಕೆ. ಒಂದು ತಿರುವಿಗೆ ತಲೆ ಪಕ್ಕಕ್ಕೆ ಜಜ್ಜಿತು. ನೀನು ಇದನ್ನು ಒಂದು ಸಲವೂ ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ.

ಗಾಡಿ ಸ್ವಲ್ಪ ದೂರ ಹೋಗಿರಬೇಕು. ಮ್ಯಾನೇಜರ್ ಶೋರೂಮಿನ ಯಜಮಾನರಿಗೆ ಫೋನ್ ಮಾಡಿ ಮಾತಾಡತೊಡಗಿದರು. ಮೆಲ್ಲಗೇ ಮಾತಾಡಿದರು, ಪಾಪ. ಆ ಹೆಂಗಸು ಬರೋದು ನಿಂತ ಮೇಲೆ ಈ ಮನುಷ್ಯನ ಕೈಯಲ್ಲಿ ಏನೂ ಆಗ್ತಿಲ್ಲ ಸಾರ್, ಹೆಂಡತೀನ ಡಿಕ್ಕಿಲಿ ಸಾಮಾನು ಅಲ್ಲಾಡದ ಹಾಗೆ ಹಿಡ್ಕೊಳ್ಳೋಕೆ ಕರ್ಕೊಂಡು ಬರ್ತೀನಿ ಅಂದಿದ್ದ, ನನಗೆ ಆಗಲೇ ಅನುಮಾನ ಇತ್ತು, ಮುಂದಿನ ತಿಂಗಳಿಂದ ಬೇರೆ ಯಾರನ್ನಾದ್ರೂ ನೋಡೋಣ. ಇಷ್ಟೂ ನನಗೆ ಕೇಳಿಸಿತು. ನನಗೆ! ಎಡಗಿವಿ ದಿಂಬಿನ ಮೇಲಿತ್ತು. ಬರೀ ಬಲಗಿವಿಯಲ್ಲಿ, ಒಂದೊಂದು ಅಕ್ಷರವೂ ಬಿಡಿಸಿ ಕೇಳಿಸಿತು. ಇಂಜಿನ್ನೇ ಇಲ್ಲವಲ್ಲ ಈ ಗಾಡಿಯಲ್ಲಿ. ಮಾತನ್ನು ಮುಚ್ಚಲು ಏನಿದೆ?

ಕೆಲಸ ಹೋಗುತ್ತದೆ ಎಂಬುದು ತಲೆಗೆ ಹೋಗಿದ್ದು ಆಮೇಲೆ. ಮೊದಲು ಹೋದದ್ದು ಇದು: ನನ್ನ ಕಿವಿಗೇ ಇಷ್ಟು ಕೇಳಿಸಿದರೆ ಅವಳ ಕಿವಿಗೆ? ಸ್ಕೇಲಿನಲ್ಲಿ ನಾಲ್ಕು ಸಲ ಬಡಿದೆ. ನನಗೆ ಗಾಡಿ ನಿಲ್ಲಬೇಕಾಗಿತ್ತು, ಅಷ್ಟೇ. ಬಡಿದ ಮೇಲೆ, ಅವತ್ತು ನೀನು ಬಡಿದ ನಾಲ್ಕು ಏಟು ನೆನಪಾಯಿತು. ಬಕಲ್ಲು ಸಿಕ್ಕಿದ್ದಕ್ಕೆ ಬಡಿದೆ ಎಂದು ಐದು ತಿಂಗಳು ನಂಬಿಕೊಂಡಿದ್ದೆನಲ್ಲ.

ಅವತ್ತು ನಾನು ಹೇಳಿದ್ದನ್ನು ನೀನು ಕೇಳಿದ್ದೀಯ. ಆದರೂ ಇಲ್ಲಿ ನನ್ನ ಕೈಯಾರೆ ಬರೆಯುತ್ತೇನೆ. ಅವತ್ತು ಮೊದಲ ಸಲ ನಮ್ಮ ಜೊತೆ ಬಂದು ಪಕ್ಕದಲ್ಲಿ ಕೂತಿದ್ದ ಮ್ಯಾನೇಜರ್, ಹೇಗ್ರೀ ಕಂಡುಹಿಡೀತೀರಿ ಅಂತ ಕೇಳಿದರು. ಎಲ್ಲಾ ನನ್ನ ಕಿವಿ ಸಾರ್, ಇಪ್ಪತ್ತೆರಡು ವರ್ಷದ ಅನುಭವ ಅಂದೆ. ಹಿಂದೆ ಇರೋರು ಯಾಕೆ ಬರ್ತಾರೆ ಅಂದರು. ನಮ್ಮ ಮನೆಯವರು, ಒಬ್ಬಳೇ ಇದ್ರೆ ಬೇಜಾರು ಅಂತಾಳೆ, ಸಾಮಾನು ಅಲ್ಲಾಡದ ಹಾಗೆ ಹಿಡ್ಕೊಳ್ಳೋಕೆ ಕರ್ಕೊಂಡು ಬರ್ತೀನಿ ಅಂದೆ. ನಕ್ಕೆ ಕೂಡ. ಅವರು ನಗಲಿಲ್ಲ.

ಇನ್ನೊಂದು ಮಾತು ನಿನಗೆ ಗೊತ್ತಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಾನು ಇಂಥದ್ದು ಅಂದದ್ದು ಅವತ್ತೇ ಮೊದಲಲ್ಲ. ಪೆಟ್ರೋಲು ಕಾರುಗಳ ಕಾಲದಲ್ಲೂ ಪಕ್ಕದಲ್ಲಿ ಗಿರಾಕಿ ಕೂತಾಗೆಲ್ಲ ನನ್ನ ಕಿವಿಯ ಬಡಾಯಿ ನಡೆಯುತ್ತಲೇ ಇತ್ತು. ಇಂಜಿನ್ ಸದ್ದಿನಲ್ಲಿ ನಿನಗೆ ಕೇಳಿಸುತ್ತಿರಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ನಾನು ಇಂಜಿನ್ ಹಚ್ಚಿ ಕುಡಿದೆ. ಗಂಡಸಿಗೆ ಕಿವಿ ಕೇಳುವುದಿಲ್ಲ, ಹೆಂಡತಿ ಕೇಳಿ ಹೇಳುತ್ತಾಳೆ ಅಂದರೆ ಯಾರು ಕೆಲಸ ಕೊಡುತ್ತಾರೆ ಎಂದು ಮೊದಮೊದಲು ಹೆದರಿಕೆಯಿತ್ತು, ಅದು ನಿಜ. ಆಮೇಲೆ ಹೆದರಿಕೆ ಹೋಯಿತು, ಅಭ್ಯಾಸ ಉಳಿಯಿತು. ಕೊನೆಕೊನೆಗೆ ನನಗೇ ಅದು ನಿಜ ಅನ್ನಿಸುತ್ತಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನ ಹತ್ತಿರ ಆನೆಯೂ ಇಲ್ಲ.

ಗಾಡಿ ನಿಂತಿತು, ಡಿಕ್ಕಿ ತೆರೆಯಿತು. ಸಿಕ್ತಾ ಅಂತ ಮ್ಯಾನೇಜರ್ ಕೇಳಿದರು. ಬೆನ್ನು ಹಿಡಿದುಕೊಂಡಿತ್ತು, ಅವರೇ ಕೈಕೊಟ್ಟು ಎಬ್ಬಿಸಿದರು. ರಸ್ತೆಯ ಪಕ್ಕದಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ನನ್ನ ಬಲಗಿವಿಗೆ ಸರಿಯಾಗಿ ಕೇಳಿಸುವುದಿಲ್ಲ, ಇದುವರೆಗೆ ನಿಮ್ಮ ಶೋರೂಮಿನ ಅರವತ್ತೇಳು ಕಾರುಗಳ ಸದ್ದು ಹಿಡಿದದ್ದು ಅವಳು, ನಾನು ಬರೀ ಫೆಲ್ಟು ಅಂಟಿಸುವವನು, ಅವತ್ತು ಹೇಳಿದ್ದು ಶುದ್ಧ ಸುಳ್ಳು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮೊದಲೇ ಹೇಳಿದ್ರೆ ಅವರ ಹೆಸರಲ್ಲೇ ಕಾರ್ಡು ಮಾಡಿಸ್ತಿದ್ವಲ್ರೀ, ಸುಮ್ನೆ ಇಷ್ಟು ದಿನ ಹಾಳು ಮಾಡಿದ್ರಲ್ಲ ಅಂದರು. ನಾನು ಇಪ್ಪತ್ತೆರಡು ವರ್ಷ ಹೆದರಿದ್ದಕ್ಕೆ ಸಿಕ್ಕಿದ ಉತ್ತರ ಇಷ್ಟು. ಆಮೇಲೆ ಯಜಮಾನರಿಗೆ ಮತ್ತೆ ಫೋನ್ ಹೋಯಿತು. ಈ ಸಲ ನನ್ನ ಎದುರಿಗೇ ಮಾತಾಡಿದರು. ನೀನು ಬಂದರೆ ಕೆಲಸ ನಿನಗೆ, ಕಾರ್ಡು ನಿನ್ನ ಹೆಸರಿಗೆ. ನಿಮಗೆ ಬೇಕಾದ್ರೆ ಗಾಡಿ ಓಡಿಸ್ಕೊಂಡಿರಿ ಅಂತ ನನಗೆ ಹೇಳಿದರು. ಬೇಕು ಅಂದೆ. ಡ್ರೈವರ್ ಅಂತಲೇ ಬರೆಸಲಿ.

ಆದ್ದರಿಂದ ಬಾ. ಬಿಳಿ ಕಾರು ಇಲ್ಲೇ ಶೆಡ್ಡಿನಲ್ಲಿ ನಿಂತಿದೆ, ಸದ್ದು ಇನ್ನೂ ಸಿಕ್ಕಿಲ್ಲ. ಡಾಕ್ಟರಮ್ಮ ಊರಲ್ಲಿಲ್ಲ, ಶನಿವಾರ ಬೆಳಿಗ್ಗೆ ಹತ್ತು ಗಂಟೆಯವರೆಗೆ ಬಿಡುವಿದೆ. ನೀನು ಬರದೆ ಅದು ಸಿಕ್ಕುವುದಿಲ್ಲ, ಅದಕ್ಕಾಗಿಯಾದರೂ ಒಂದು ಸಲ ಬಂದು ಹೋಗು. ದಿಂಬು ಒಗೆದು ಒಣಗಿಸಿದ್ದೇನೆ, ಹತ್ತಿ ಸ್ವಲ್ಪ ಜಾಸ್ತಿ ತುಂಬಿಸಿದ್ದೇನೆ. ಡಿಕ್ಕಿಯ ಬಲಗಡೆ, ತಲೆ ಜಜ್ಜುವ ಜಾಗಕ್ಕೆ, ದಪ್ಪ ಫೋಮು ಕಟ್ಟಲು ಪಟ್ಟಿ ಹೊಲಿದಿದ್ದೇನೆ; ಯಾವ ಕಾರಿಗಾದರೂ ಹಾಕಿ ತೆಗೆಯಬಹುದು. ಮೊದಲೇ ಮಾಡಬೇಕಾಗಿತ್ತು.

ನಿನ್ನ ಬಡಿತಕ್ಕೆ ಕಾದಿರುವ,
ನಿನ್ನ ಮಹಾರಾಯ
(ಎಡಗಿವಿ ಎಂದು ಬರೆದು ಹೊಡೆದುಹಾಕಿದ್ದೇನೆ. ಆ ಹೆಸರಿಟ್ಟವಳು ನೀನು, ಇನ್ನೊಂದು ಸಲ ಕರೆಯುವುದೂ ಬಿಡುವುದೂ ನಿನಗೆ ಸೇರಿದ್ದು.)

ತಾ. ಕ.: ಕವರಿಗೆ ಹಾಕಿ ಅಂಟಿಸಲು ಹೋದೆ, ಮನಸ್ಸು ಒಪ್ಪಲಿಲ್ಲ. ಮೇಲೆ ಒಂದು ಸುಳ್ಳಿದೆ. ಇಷ್ಟೆಲ್ಲ ಬರೆದ ಮೇಲೂ ಒಂದು ಸುಳ್ಳು ಬರೆದೆನಲ್ಲ, ನನ್ನ ಬುದ್ಧಿಗಿಷ್ಟು!

ಸದ್ದು ಸಿಕ್ಕಿದೆ. ಹೋದ ಶನಿವಾರ ಸಂಜೆಯೇ ಸಿಕ್ಕಿತು. ಡಿಕ್ಕಿಯೊಳಗೆ ಮೊದಲು ಇರದ ಸದ್ದು ಎಲ್ಲಿಂದ ಬಂತು, ನನಗಿಂತ ಮೊದಲು ಅಲ್ಲಿ ಮಲಗಿದವರು ಯಾರು ಎಂದು ಯೋಚಿಸಿ, ಕೆಳಗಿನ ಹಲಗೆ ಎತ್ತಿ ಸಂದಿಯಲ್ಲಿ ಕೈಯಾಡಿಸಿದೆ. ನಿನ್ನ ಪಿನ್ನು. ಕ್ಲಿಪ್ಪು ಎಬ್ಬಿಸಲು ಒಂದು ಕಾಲು ಬಗ್ಗಿಸಿ ಇಟ್ಟುಕೊಂಡಿದ್ದೆಯಲ್ಲ, ಆ ಕರಿ ಪಿನ್ನು. ಗಾಡಿ ಎಡಕ್ಕೆ ತಿರುಗಿದಾಗ ಬಲಕ್ಕೆ ಜಾರಿ ಬೋಲ್ಟಿಗೆ ಬಡಿಯುತ್ತಿತ್ತು. ಐದು ತಿಂಗಳು ಆ ಪುಣ್ಯಾತ್ಗಿತ್ತಿ ಡಾಕ್ಟರಮ್ಮ ಅದನ್ನು ಕೇಳಿಸಿಕೊಂಡೇ ಓಡಾಡಿದ್ದಾರೆ. ಸೋಮವಾರ ಕಾರು ವಾಪಸು ಕೊಟ್ಟಾಯಿತು. ಶೆಡ್ಡಿನಲ್ಲಿ ಈಗ ಯಾವ ಕಾರೂ ಇಲ್ಲ.

ಆದ್ದರಿಂದ ಕಾರಿಗಾಗಿ ನೀನು ಬರಬೇಕಾಗಿಲ್ಲ. ಕೆಲಸದ ಮಾತು ಮಾತ್ರ ನಿಜ, ಮ್ಯಾನೇಜರ್ ನಂಬರು ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ, ನೀನೇ ಕೇಳಿ ನೋಡು. ಅದಕ್ಕೂ ನಮ್ಮ ಮನೆಗೆ ಬರಲೇಬೇಕೆಂದಿಲ್ಲ. ಅಕ್ಕನ ಮನೆಯಿಂದ ಶೋರೂಮಿಗೆ ನೇರ ಬಸ್ಸಿದೆ, ನಾನು ವಿಚಾರಿಸಿದೆ. ಮನೆಗೆ ಬರುವುದಾದರೆ ಅದಕ್ಕೆ ನಾನೊಬ್ಬನೇ ಕಾರಣ, ಬೇರೆ ಏನೂ ಉಳಿದಿಲ್ಲ.

ಪಿನ್ನನ್ನು ಈ ಕವರಿನಲ್ಲಿ ಇಟ್ಟೆ, ಮತ್ತೆ ತೆಗೆದೆ. ಸದ್ಯಕ್ಕೆ ನನ್ನ ಹತ್ತಿರ ಇರಲಿ. ಅಂಗಿಯ ಜೇಬಿನಲ್ಲಿ ಮನೆಯ ಕೀ ಜೊತೆ ಹಾಕಿಕೊಂಡಿದ್ದೇನೆ. ನಡೆದರೆ ಟಿಣ್ ಅನ್ನುತ್ತದೆ. ಎಡಗಡೆಯ ಜೇಬು, ನನಗೆ ಕೇಳಿಸುತ್ತದೆ.